ಕೊನೆಯ ಗುಂಡಿ

ಬಿಸಿ ಅನ್ನಕ್ಕೆ ಸಾರು ಹಾಕಿಕೊಂಡು ಕಲಸಿ ಉಣ್ಣುವುದನ್ನು ನಾವ್ಯಾರೂ ಒಂದು ವಿದ್ಯೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಲ್ಪ ನಿಧಾನಿಸಿ ನೋಡಿದರೆ ತಟ್ಟೆಯಲ್ಲಿ ನಡೆಯುತ್ತಿರುವುದು ಸಣ್ಣ ಸಂಗತಿಯಲ್ಲ. ಬೆರಳ ತುದಿ ಮೊದಲು ಅನ್ನದ ಬಿಸಿ ನೋಡುತ್ತದೆ, ಆಮೇಲೆ ಅದರ ತೇವ. ಸಾರು ಜಾಸ್ತಿಯಾಗಿದ್ದರೆ ಬೆರಳುಗಳು ತಾವಾಗಿ ಇನ್ನಷ್ಟು ಬಾಗುತ್ತವೆ, ಮೊಸರನ್ನವಾದರೆ ಬಿಗಿ ಸಡಿಲಿಸುತ್ತವೆ. ಹೆಬ್ಬೆರಳು ತುತ್ತಿನ ಹಿಂದೆ ಬಂದು ನಿಂತು, ತುಟಿ ಮುಟ್ಟುವ ಹೊತ್ತಿಗೆ ಅದನ್ನು ಒಳಕ್ಕೆ ದೂಡುತ್ತದೆ. ಇಷ್ಟಕ್ಕೂ ಕಣ್ಣಿನ ಕಾವಲು ಬೇಡ. ಟಿವಿ ನೋಡುತ್ತ, ಮನೆಮಂದಿಯ ಜೊತೆ ವಾದ ಮಾಡುತ್ತ, ಕರೆಂಟು ಹೋದ ಕತ್ತಲಲ್ಲೂ ತುತ್ತು ಮೂಗಿಗೆ ಹೋಗುವುದಿಲ್ಲ.

ಒಂದು ಕೈಯಲ್ಲಿ 27 ಮೂಳೆಗಳಿವೆ, ಎರಡರಲ್ಲಿ 54. ಮೈಯಲ್ಲಿರುವ 206 ಮೂಳೆಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಣಿಕಟ್ಟಿನಿಂದ ಆಚೆಗೇ ಇವೆ. ಬೆರಳನ್ನು ಆಡಿಸುವ ಸ್ನಾಯುಗಳು ಮಾತ್ರ ಬೆರಳಿನಲ್ಲಿಲ್ಲ. ಅವುಗಳಲ್ಲಿ ಕೆಲವು ಅಂಗೈಯಲ್ಲಿವೆ, ಬಲವಾದವು ಮೊಣಕೈ ಕೆಳಗಿವೆ. ಬೇಕಿದ್ದರೆ ಎಡಗೈಯಿಂದ ಬಲಗೈಯ ಮೊಣಕೈ ಕೆಳಭಾಗವನ್ನು ಹಿಡಿದುಕೊಂಡು ಬೆರಳು ಮಡಚಿ ನೋಡಿ. ಚರ್ಮದಡಿ ಏನೋ ಹೊರಳುವುದು ತಿಳಿಯುತ್ತದೆ. ಅಷ್ಟು ದೂರದಿಂದ ಎಳೆದ ಎಳೆತಕ್ಕೆ ಇಲ್ಲಿ ಅನ್ನದ ಅಗುಳು ಕೂಡ ಜಜ್ಜಿಹೋಗದಂತೆ ತುತ್ತು ಏಳುತ್ತದೆ.

ಇದನ್ನೆಲ್ಲ ಕಂಡು ಬೆರಗಾಗುವುದು ಕವಿಗಳ ಕೆಲಸ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಆದರೆ ಈ ಬೆರಗನ್ನೇ ಪಠ್ಯವಾಗಿ ಇಟ್ಟುಕೊಂಡು, ಹಾಜರಿ ಕರೆದು, ಪರೀಕ್ಷೆ ನಡೆಸಿ ಕಲಿಸುವ ಒಂದು ಶಾಖೆ ವೈದ್ಯಕೀಯದಲ್ಲಿದೆ. ಅದರ ಹೆಸರು ಆಕ್ಯುಪೇಷನಲ್ ಥೆರಪಿ, ಚಿಕ್ಕದಾಗಿ ಓಟಿ. ಸ್ಟ್ರೋಕ್ ಆದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವ ಮಕ್ಕಳಿಗೆ, ಮನೋರೋಗದಿಂದ ದಿನಚರಿಯೇ ಕಳಚಿಬಿದ್ದವರಿಗೆ ಮತ್ತೆ ಉಣ್ಣಲು, ಉಡಲು, ಮೀಯಲು, ಬರೆಯಲು, ದುಡಿಯಲು ದಾರಿ ಮಾಡಿಕೊಡುವುದು ಇವರ ಕೆಲಸ. ಜನ ಇವರನ್ನು ಫಿಸಿಯೋಥೆರಪಿಯವರು ಎಂದುಕೊಳ್ಳುತ್ತಾರೆ. ಓಟಿ ಎಂದರೆ ಆಪರೇಷನ್ ಥಿಯೇಟರಿನವರು ಎಂದುಕೊಳ್ಳುವವರೂ ಉಂಟು. ಇಂಥ ವೃತ್ತಿಗೆ ಸೇರಿ, ಅದರೊಳಗೂ ರೋಗಿಯ ಹತ್ತಿರವಲ್ಲದೆ ತರಗತಿಯಲ್ಲಿ, ವಾರ್ಡಿನ ಮೂಲೆಯಲ್ಲಿ, ಹೊಸಬರ ಬೆನ್ನ ಹಿಂದೆ ನಿಂತು ಇಡೀ ಆಯುಸ್ಸು ಕಳೆದ ಗುರುಗಳ ಬಗ್ಗೆ ನನಗೆ ವಿಶೇಷ ಕುತೂಹಲ.

ಆ ತರಗತಿಗಳ ಮೊದಮೊದಲ ಪಾಠ ಹೀಗಿರುತ್ತದೆ: ಅಂಗಿ ತೊಡುವುದನ್ನು ಹಂತಹಂತವಾಗಿ ಬರೆಯಿರಿ. ಹದಿನೆಂಟು ವರ್ಷದ ಹುಡುಗ ಹುಡುಗಿಯರು ನಗುತ್ತಾರೆ. ಕೈ ತೂರಿಸುವುದು, ಗುಂಡಿ ಹಾಕುವುದು, ಮುಗಿಯಿತು. ಗುರು ಹಾಳೆ ಹಿಂದಕ್ಕೆ ಕೊಡುತ್ತಾರೆ. ಅಂಗಿ ಎಲ್ಲಿತ್ತು, ಅದರ ಒಳಬದಿ ಯಾವುದು ಹೊರಬದಿ ಯಾವುದು ಎಂದು ಹೇಗೆ ತಿಳಿಯಿತು? ಎರಡನೆಯ ತೋಳು ಬೆನ್ನ ಹಿಂದೆ ಇದ್ದಾಗ ಅದನ್ನು ನೋಡದೆ ಹುಡುಕಿದ್ದು ಯಾವ ಇಂದ್ರಿಯ? ಕೂತು ತೊಟ್ಟರೋ ನಿಂತೋ? ನಿಂತಿದ್ದರೆ ಮೈ ಬೀಳದಂತೆ ಹಿಡಿದಿದ್ದು ಯಾವುದು? ಗುಂಡಿ ಕಾಜದ ಒಳಗೆ ಅರ್ಧ ಹೋದಮೇಲೆ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯಬೇಕಲ್ಲ, ಆ ಕ್ಷಣ ಯಾರು ಹೇಳಿದರು? ಮೂರು ಸಾಲಿನ ಉತ್ತರ ಮೂರು ಪುಟಕ್ಕೆ ಬೆಳೆಯುತ್ತದೆ. ಆಮೇಲೆ ಬಲಗೈ ಕಟ್ಟಿ ಅಂಗಿ ತೊಡಿಸುತ್ತಾರೆ, ದಪ್ಪ ಕೈಗವಸು ಹಾಕಿಸಿ ನಾಣ್ಯ ಹೆಕ್ಕಿಸುತ್ತಾರೆ, ಗಾಲಿಕುರ್ಚಿಯಲ್ಲಿ ಕೂರಿಸಿ ಕಾಲೇಜಿನ ಶೌಚಾಲಯಕ್ಕೆ ಹೋಗಿಬನ್ನಿ ಎನ್ನುತ್ತಾರೆ. ಆ ಕೊನೆಯದರ ನಂತರ ನಗು ನಿಲ್ಲುತ್ತದೆ.

ಬೆರಗು ಒಮ್ಮೆ ಬಂತೆಂದರೆ ಸೂತ್ರಗಳು ತಾವಾಗಿ ಅರ್ಥವಾಗುತ್ತವೆ. ಒಂದು ಪಕ್ಕ ಸ್ವಾಧೀನ ತಪ್ಪಿದವರು ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಇಷ್ಟು ತಿಳಿಯದೆ ಎಷ್ಟು ಮನೆಗಳಲ್ಲಿ ದಿನಾ ಬೆಳಿಗ್ಗೆ ಹಿರಿಯರ ಭುಜ ನೋಯುವಂತೆ ಎಳೆದಾಡುತ್ತಾರೋ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಜಗತ್ತಿನ ಎಡಗಡೆಯೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿಯಿದ್ದರೂ ತಟ್ಟೆಯ ಬಲ ಅರ್ಧ ಉಂಡು, ಎಡಕ್ಕಿರುವ ಪಲ್ಯ ಹಾಗೇ ಬಿಟ್ಟು, ಇನ್ನೂ ಹಸಿವು ಎನ್ನುತ್ತಾರೆ. ಮನೆಯವರು ಮರೆಗುಳಿತನ ಎನ್ನುತ್ತಾರೆ, ಹಟ ಎನ್ನುತ್ತಾರೆ. ತಟ್ಟೆ ತಿರುಗಿಸಿದರೆ ಪಲ್ಯ ಪ್ರತ್ಯಕ್ಷವಾಗುತ್ತದೆ, ಆದರೆ ಥೆರಪಿಸ್ಟ್ ತಟ್ಟೆ ತಿರುಗಿಸಿ ಸುಮ್ಮನಾಗುವುದಿಲ್ಲ. ಎಡಕ್ಕೆ ನೋಡುವ ರೂಢಿಯನ್ನು ಆ ಮನುಷ್ಯನಲ್ಲಿ ಮತ್ತೆ ಬೆಳೆಸಲು ಕೂರುತ್ತಾರೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವರ ಇನ್ನೊಂದು ಉಪಾಯ. ಮಗುವಿಗೆ ಗುಂಡಿ ಹಾಕುವುದನ್ನು ಕಲಿಸುವಾಗ ಕೆಲವೊಮ್ಮೆ ಕೊನೆಯಿಂದ ಶುರು ಮಾಡುತ್ತಾರೆ. ಗುಂಡಿಯನ್ನು ಕಾಜಕ್ಕೆ ಒಡ್ಡಿ, ಅರ್ಧ ತೂರಿಸಿ, ಪೂರ್ತಿ ಈಚೆಗೆ ಎಳೆಯುವುದನ್ನಷ್ಟೇ ಮಗುವಿಗೆ ಬಿಡುತ್ತಾರೆ. ಅದು ಬಂದಮೇಲೆ ಅದರ ಹಿಂದಿನ ಹೆಜ್ಜೆ, ಆಮೇಲೆ ಅದಕ್ಕೂ ಹಿಂದಿನದು. ಮೊದಲಿನಿಂದ ಕಲಿಸಿದರೆ ಮಗು ಪ್ರತಿ ಸಲ ನಡುವೆ ಸೋತು ಕೈಬಿಡುತ್ತದೆ, ಮುಗಿಸುವುದು ದೊಡ್ಡವರು. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಮುಗಿಸುವುದು ಮಗು. ಮೊದಲ ದಿನದಿಂದಲೇ ಅದು ಅಂಗಿ ಹಾಕಿಕೊಂಡ ಮಗು. ಈ ಉಪಾಯ ಎಷ್ಟು ಸರಳವೋ ಅಷ್ಟೇ ಕಷ್ಟ, ಏಕೆಂದರೆ ಇಲ್ಲಿ ದೊಡ್ಡವರು ತಮಗೆ ತುಂಬ ಇಷ್ಟವಾದದ್ದನ್ನೇ, ಅಂದರೆ ಕೆಲಸ ಮುಗಿಸಿದ ತೃಪ್ತಿಯನ್ನೇ, ಬಿಟ್ಟುಕೊಡಬೇಕು.

ಗುರುಗಳೂ ಶಿಷ್ಯರಿಗೆ ಹೀಗೆಯೇ ಕಲಿಸುತ್ತಾರೆಯೇ ಎಂದು ಯೋಚಿಸುತ್ತಿದ್ದಾಗ ನನ್ನ ಮನಸ್ಸಿಗೆ ಬಂದವರು ನಮ್ಮಲ್ಲಿ ಈ ವಿದ್ಯೆಯ ಮೊದಲ ಶಾಲೆ ತೆರೆದ ಕಮಲಾ ನಿಂಬಕರ್.

ಅಮೆರಿಕದ ನ್ಯೂಜೆರ್ಸಿಯ ಮೌಂಟ್ ಹಾಲಿ ಎಂಬ ಊರಿನಲ್ಲಿ 1900ರಲ್ಲಿ, ಕ್ವೇಕರ್ ಪಂಥದ ಮನೆಯಲ್ಲಿ ಹುಟ್ಟಿದ ಎಲಿಜಬೆತ್ ಲಂಡಿ ಇವರು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಓದಿದರು. ವಿಷ್ಣು ನಿಂಬಕರ್ ಅವರ ಕೈ ಹಿಡಿಯಲು 1930ರಲ್ಲಿ, ಉಪ್ಪಿನ ಸತ್ಯಾಗ್ರಹದ ವರ್ಷ, ಭಾರತಕ್ಕೆ ಬಂದು ಕಮಲಾ ಆದರು. ಮುಂಬಯಿಯಲ್ಲಿ ಮಕ್ಕಳ ಶಿಕ್ಷಣದಲ್ಲಿ ತೊಡಗಿಕೊಂಡಿದ್ದ ಈ ಹೆಂಗಸು ನಲವತ್ತು ದಾಟಿದ ಮೇಲೆ ಮತ್ತೆ ಹಡಗು ಹತ್ತಿ, ಫಿಲಡೆಲ್ಫಿಯಾದ ಆಕ್ಯುಪೇಷನಲ್ ಥೆರಪಿ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿ ಕೂತರು. ಮಗ ಬೆಳೆದು ದೊಡ್ಡವನಾಗುತ್ತಿದ್ದ ಕಾಲ. ಆ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ಸ್ನಾಯುಗಳ ಹೆಸರು ಬಾಯಿಪಾಠ ಮಾಡಲು ಹೊರಟ ಧೈರ್ಯವನ್ನು ನಾನು ಅವರ ಮುಂದಿನ ಎಲ್ಲ ಸಾಧನೆಗಳಿಗಿಂತ ಮೇಲೆ ಇಡುತ್ತೇನೆ.

ಅವರು ಕಲಿಯಲು ಹೋದ ವಿದ್ಯೆಗೂ ಆಗ ಹೆಚ್ಚು ವಯಸ್ಸಾಗಿರಲಿಲ್ಲ. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಕೆಲವೇ ಜನ ಸೇರಿ ಅದಕ್ಕೊಂದು ಸಂಘ ಕಟ್ಟಿದ್ದರು. ಸೇರಿಸಿದವರು ಜಾರ್ಜ್ ಬಾರ್ಟನ್, ಕಟ್ಟಡಗಳ ನಕ್ಷೆ ತೆಗೆಯುವ ವಾಸ್ತುಶಿಲ್ಪಿ. ಕ್ಷಯ ತಗುಲಿ, ಎಡಪಕ್ಕ ಸೋತು, ತಾವೇ ತೋಟದ ಕೆಲಸ ಮರಗೆಲಸ ಮಾಡುತ್ತ ಚೇತರಿಸಿಕೊಂಡಿದ್ದವರು. ಬಂದವರಲ್ಲಿ ಥಾಮಸ್ ಕಿಡ್ನರ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿಯೂ ಇದ್ದರು. ಎಲಿನರ್ ಕ್ಲಾರ್ಕ್ ಸ್ಲೇಗಲ್ ಇದ್ದರು. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಗಳ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದವರಿಗೆ ಏಳುವ, ಹಲ್ಲುಜ್ಜುವ, ಕೆಲಸ ಮಾಡುವ, ಆಡುವ, ಮಲಗುವ ದಿನಚರಿಯನ್ನೇ ಔಷಧವಾಗಿ ಕೊಡಬಹುದೆಂದು ತೋರಿಸಿ, ಅದನ್ನು ಮಾಡಬಲ್ಲವರನ್ನು ತರಬೇತಿಗೊಳಿಸುತ್ತಲೇ ಬಾಳು ಸವೆಸಿದವರು ಆಕೆ. ಅಲ್ಲಿಂದಲೇ ಈ ವೃತ್ತಿಯಲ್ಲಿ ಗುರುಗಳ ಸಾಲು ಮೊದಲಾಗುತ್ತದೆ.

ಕಮಲಾ ನಿಂಬಕರ್ ಮುಂಬಯಿಗೆ ಮರಳಿ, 1950ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಏಷ್ಯಾದಲ್ಲೇ ಅದು ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಈ ವೃತ್ತಿಯ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಸ್ಥಾಪಕ ದೇಶಗಳ ಪಟ್ಟಿಯಲ್ಲಿದ್ದ ಹತ್ತು ಹೆಸರುಗಳಲ್ಲಿ ಭಾರತವೂ ಒಂದು. 1958ರಲ್ಲಿ ನಾಗಪುರದಲ್ಲಿ ಎರಡನೆಯ ಶಾಲೆ ಬಂತು. ಕಾಲರಾ, ಸಿಡುಬು, ಕ್ಷಯದಿಂದ ಜನರನ್ನು ಜೀವಂತ ಉಳಿಸಿದರೆ ಸಾಕು ಎಂಬ ಸ್ಥಿತಿಯಲ್ಲಿದ್ದ ದೇಶ ಅದು. ಅಂಥಲ್ಲಿ, ಉಳಿದವರು ಹೇಗೆ ಬದುಕುತ್ತಾರೆ, ಪೋಲಿಯೋದಿಂದ ಕಾಲು ಸೊರಗಿದ ಮಗು ಶಾಲೆಯಲ್ಲಿ ಹೇಗೆ ಕೂರುತ್ತದೆ ಎಂದು ಕೇಳುವ ಶಾಲೆಯೊಂದು ಬೇಕು ಎನ್ನುವುದೇ ಹಲವರಿಗೆ ವಿಚಿತ್ರವಾಗಿ ಕಂಡಿರಬೇಕು.

ನನ್ನ ಊಹೆ ಮತ್ತೆಮತ್ತೆ ಹೋಗಿ ನಿಲ್ಲುವುದು ಆ ಮೊದಲ ತರಗತಿಯ ಬಾಗಿಲಲ್ಲಿ. ಫಿಲಡೆಲ್ಫಿಯಾದ ಪುಸ್ತಕದ ಅಡುಗೆಮನೆಯಲ್ಲಿ ಒಲೆ ಸೊಂಟದೆತ್ತರಕ್ಕೆ ಇರುತ್ತದೆ, ಊಟ ಮೇಜಿನ ಮೇಲೆ, ಮಲವಿಸರ್ಜನೆ ಕುರ್ಚಿಯೆತ್ತರದ ಕಮೋಡಿನ ಮೇಲೆ. ಮುಂಬಯಿಯ ಚಾಳಿನಲ್ಲಿ ಎಲ್ಲವೂ ನೆಲದ ಮೇಲೆ. ಒಲೆ ನೆಲದಲ್ಲಿ, ಈಳಿಗೆಮಣೆಯ ಮುಂದೆ ಕಾಲು ಮಡಚಿ ಕೂರಬೇಕು, ಕುಕ್ಕರಗಾಲಲ್ಲಿ ಪಾತ್ರೆ ತೊಳೆಯಬೇಕು, ಸೀರೆಯ ನೆರಿಗೆ ಹಿಡಿಯಬೇಕು, ಪೈಜಾಮದ ಲಾಡಿ ಕಟ್ಟಬೇಕು. ವೃತ್ತಿಯ ಅಳತೆಗೋಲುಗಳು ಬೇರೆ ನೆಲದಲ್ಲಿ ಹುಟ್ಟಿದವು ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ರೋಗಿ ಎಷ್ಟು ಸ್ವತಂತ್ರ ಎಂದು ಅಳೆಯಲು ಇಂದಿಗೂ ಬಳಸುವ ಬಾರ್ಥೆಲ್ ಸೂಚ್ಯಂಕ 1965ರದು. ಹತ್ತು ನಿತ್ಯಕರ್ಮ, ಒಟ್ಟು 100 ಅಂಕ. ಗುಂಡಿ ಜಿಪ್ಪು ಸಹಿತ ತಾನೇ ಬಟ್ಟೆ ತೊಟ್ಟರೆ 10, ಅರ್ಧಕ್ಕೆ ನೆರವು ಬೇಕಿದ್ದರೆ 5. ಊಟದ ಸಾಲಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಲು ನೆರವು ಬೇಕೇ ಎಂಬ ಮಾತಿದೆ. ಸಾರನ್ನ ಕಲಸುವ ಕೈಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ನಮ್ಮಲ್ಲಿ ಈ ವಿದ್ಯೆ ಕಲಿಸಿದವರೆಲ್ಲ ಪುಸ್ತಕವನ್ನು ಪಕ್ಕಕ್ಕಿಟ್ಟು ವಾರ್ಡಿನ ನೆಲ ನೋಡಲೇಬೇಕಾಯಿತು. ಗುರು ಶಿಷ್ಯರಿಬ್ಬರೂ ಒಟ್ಟಿಗೆ ಕಲಿತ ತರಗತಿ ಅದಾಗಿರಬೇಕು. ಚಾಳಿನ ಅಡುಗೆಮನೆ ಅಮೆರಿಕದಿಂದ ಬಂದ ಗುರುವಿಗಿಂತ ಮುಂಬಯಿಯ ಲಾಲ್‌ಬಾಗಿನ ಗಿರಣಿ ಓಣಿಯ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು ತಾನೇ?

ನಿಂಬಕರ್ 1979ರಲ್ಲಿ ತೀರಿಕೊಂಡರು. ಭಾರತದಲ್ಲಿ ಈ ವೃತ್ತಿ ಬೆಳೆದ ಬಗೆಯನ್ನು ಅವರು ಬರೆದಿಟ್ಟ ಪುಸ್ತಕ ಮರುವರ್ಷ ಅಚ್ಚಾಯಿತು.

ಅವರು ಪರೇಲಿನಲ್ಲಿ ಪಾಠ ಶುರುಮಾಡಿದ ವರ್ಷಗಳಲ್ಲೇ ವೆಲ್ಲೂರಿನಲ್ಲಿ ಇನ್ನೊಂದು ವಿಸ್ಮಯ ನಡೆಯುತ್ತಿತ್ತು. ಕುಷ್ಠದಿಂದ ನರ ಸತ್ತು ಬೆರಳು ಕೊಕ್ಕೆಯಾದ ಕೈಗಳಿಗೆ ಡಾ. ಪಾಲ್ ಬ್ರಾಂಡ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಮಣಿಕಟ್ಟನ್ನು ಮೇಲೆತ್ತುವ ಗಟ್ಟಿ ಸ್ನಾಯುವಿನ ಎಳೆಯನ್ನು ಬಿಡಿಸಿ ಬೆರಳುಗಳಿಗೆ ಜೋಡಿಸುವುದು ಅವರ ವಿಧಾನಗಳಲ್ಲೊಂದು. ಸರ್ಜನ್ ಕೆಲಸ ಅಲ್ಲಿಗೆ ಮುಗಿಯಿತು, ಆದರೆ ಮಿದುಳಿಗೆ ಈ ಬದಲಾವಣೆ ಗೊತ್ತಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ಥೆರಪಿಸ್ಟ್ ಬಂದು, ಬೆರಳು ಮಡಚಿ ಎನ್ನುವುದಿಲ್ಲ. ಮಣಿಕಟ್ಟು ಎತ್ತಿ ನೋಡೋಣ ಎನ್ನುತ್ತಾರೆ. ರೋಗಿ ಮಣಿಕಟ್ಟು ಎತ್ತಲು ಹೋಗುತ್ತಾನೆ, ಬೆರಳುಗಳು ಬುಡದಲ್ಲಿ ಬಾಗುತ್ತವೆ. ತನ್ನ ಕೈಯನ್ನೇ ಬೇರೆಯವರದ್ದೆಂಬಂತೆ ದಿಟ್ಟಿಸುತ್ತಾನೆ. ಮತ್ತೆ ಮಾಡುತ್ತಾನೆ, ಮತ್ತೆ. ಕೆಲವು ವಾರ ಕಳೆದ ಮೇಲೆ ಮಣಿಕಟ್ಟಿನ ನೆಪ ಬೇಕಾಗುವುದಿಲ್ಲ. ಲೋಟ ಹಿಡಿಯಬೇಕೆಂದುಕೊಂಡರೆ ಸಾಕು, ಹಿಡಿಯುತ್ತಾನೆ. ಯಾವ ದಿನ ಯಾವ ಘಳಿಗೆಯಲ್ಲಿ ಹಳೆಯ ಸ್ನಾಯು ಹೊಸ ಕಸುಬಿಗೆ ಒಪ್ಪಿತು ಎಂದು ರೋಗಿಗೂ ತಿಳಿಯದು, ಪಕ್ಕದಲ್ಲೇ ಕೂತಿದ್ದ ಥೆರಪಿಸ್ಟಿಗೂ ತಿಳಿಯದು. ಅಲ್ಲಿನ ವೈದ್ಯೆ ಡಾ. ಮೇರಿ ವರ್ಗೀಸ್ 1954ರಲ್ಲಿ ಒಂದು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಇಂಥ ಕೈಗಳ ಶಸ್ತ್ರಚಿಕಿತ್ಸೆ ಮಾಡಿದರು, ಆಮೇಲೆ ಪುನರ್ವಸತಿ ವೈದ್ಯಕೀಯ ಕಲಿತು ಬಂದರು. 1966ರಲ್ಲಿ ತೆರೆದ ಅಲ್ಲಿನ ಪುನರ್ವಸತಿ ಸಂಸ್ಥೆ ಅವರ ಶ್ರಮ. ಗಾಲಿಕುರ್ಚಿಯ ವೈದ್ಯೆಯೊಬ್ಬರು ಪಾಠ ಮಾಡುವಾಗ ರೋಗಿಯ ಪರವಾಗಿ ಬೇರೆ ಭಾಷಣ ಬೇಕೇ?

ಗುರುಗಳು ಶಿಷ್ಯರಿಗೆ ಕಲಿಸುವ ಅತಿ ಕಷ್ಟದ ಪಾಠ ಕೈ ಕಟ್ಟಿಕೊಂಡು ಕೂರುವುದು. ನಡುಗುವ ಬೆರಳಿನ ಮನುಷ್ಯ ಒಂದು ಗುಂಡಿಯ ಜೊತೆ ಏಳೆಂಟು ನಿಮಿಷ ಗುದ್ದಾಡುತ್ತಿರುವಾಗ ಎದುರಿಗೆ ಕೂತು, ಮುಟ್ಟದೆ, ಅವಸರಿಸದೆ, ಆದರೆ ಮೊಬೈಲನ್ನೂ ನೋಡದೆ ಇರಬೇಕು. ಇಂಟರ್ನ್ ಹುಡುಗಿಗೆ ಕೈ ತುರಿಸುತ್ತದೆ. ನಾನು ಹಾಕಿಬಿಡ್ತೀನಿ ಅಜ್ಜ ಎಂಬ ಮಾತು ಬಾಯಿಗೆ ಬಂದಿರುತ್ತದೆ. ಯಾವಾಗ ಕೈ ಚಾಚಬೇಕು, ಎಷ್ಟು ಚಾಚಬೇಕು, ಸೋಲು ಯಾವ ಹಂತದವರೆಗೆ ಒಳ್ಳೆಯದು, ಯಾವ ಹಂತ ದಾಟಿದರೆ ಮನುಷ್ಯನನ್ನು ಮುರಿಯುತ್ತದೆ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ವಿಶ್ವ ಒಕ್ಕೂಟ ಪ್ರತಿ ವಿದ್ಯಾರ್ಥಿಯೂ ಕನಿಷ್ಠ 1000 ಗಂಟೆ ಕ್ಷೇತ್ರದಲ್ಲಿ ಕಲಿಯಬೇಕೆಂದು ನಿಯಮ ಮಾಡಿರುವುದು ಸುಮ್ಮನಲ್ಲ. ಆ ಸಾವಿರ ಗಂಟೆ ಹಿರಿಯರೊಬ್ಬರು ವಿದ್ಯಾರ್ಥಿಯ ಹಿಂದೆ ನಿಂತಿರುತ್ತಾರೆ. ಅವರ ಕೈಯೂ ತುರಿಸುತ್ತಿರುತ್ತದೆ! ವಿದ್ಯಾರ್ಥಿ ಸೋತ ಕೈ ಬಿಟ್ಟು ಗಟ್ಟಿ ಕೈಗೆ ಮೊದಲು ಅಂಗಿ ತೂರಿಸಲು ಹೊರಟದ್ದು ಕಾಣುತ್ತದೆ. ಹೇಳಿಬಿಟ್ಟರೆ ಹತ್ತು ಸೆಕೆಂಡಿನ ಮಾತು. ಒಳ್ಳೆಯ ಗುರು ರೋಗಿಗೆ ನೋವಾಗದಂತೆ ನೋಡಿಕೊಂಡು, ಅಷ್ಟರಲ್ಲಿ ವಿದ್ಯಾರ್ಥಿಯೇ ತಡವರಿಸಿ ನಿಂತು ತಿರುಗಿ ನೋಡುವವರೆಗೂ ಸುಮ್ಮನಿರುತ್ತಾರೆ. ಕೊನೆಯ ಗುಂಡಿ ರೋಗಿಯದು, ಅದನ್ನು ಬಿಟ್ಟುಕೊಟ್ಟ ಸಮಾಧಾನ ವಿದ್ಯಾರ್ಥಿಯದು. ಗುರುವಿನ ಪಾಲಿಗೆ ಕಣ್ಣಿಗೆ ಕಾಣುವಂಥದ್ದು ಏನೂ ಉಳಿಯುವುದಿಲ್ಲ.

ಸರ್ಜನ್‌ಗೆ ಹೊಲಿಗೆ ಗುರುತಾದರೂ ಇದೆ. ಮೂವತ್ತು ನಲವತ್ತು ವರ್ಷ ಆಕ್ಯುಪೇಷನಲ್ ಥೆರಪಿ ಕಲಿಸಿ ನಿವೃತ್ತರಾದವರ ಸಾಧನೆಯನ್ನು ಎಲ್ಲಿ ಹುಡುಕುವುದು? ಯಾವುದೋ ಊರಿನಲ್ಲಿ ಯಾರೋ ಒಬ್ಬರು ಇಂದು ಬೆಳಿಗ್ಗೆ ತಾವೇ ಮುಖ ತೊಳೆದುಕೊಂಡರು. ಅವರಿಗೆ ಕಲಿಸಿದವರಿಗೆ ಕಲಿಸಿದವರಿಗೆ ಕಲಿಸಿದವರು ಇವರು. ಮುಖ ತೊಳೆದುಕೊಂಡವರಿಗೆ ಆ ಹೆಸರು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಪರೇಲಿನ ಆ ಕೋಣೆಯಲ್ಲಿ 1950ರಲ್ಲಿ ಶುರುವಾದ ಪಾಠ ಇವತ್ತು ಮಣಿಪಾಲದ ತರಗತಿಗಳಲ್ಲಿ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದ ಬೇಕರಿಯಲ್ಲಿ ಹಿಟ್ಟು ನಾದುತ್ತ ದಿನದ ಲಯವನ್ನು ಮತ್ತೆ ಹಿಡಿಯುವವರ ನಡುವೆಯೂ ಸ್ಲೇಗಲ್ ಅವರ ದಿನಚರಿಯ ನಂಬಿಕೆಯೇ ಕೆಲಸ ಮಾಡುತ್ತಿದೆ. ಇಂಥ ಪರಂಪರೆಗೆ ನಾವು ಸಂಗೀತದಲ್ಲಾದರೆ ಬಾನಿ ಎಂದು ಹೆಸರಿಟ್ಟು ತಲೆದೂಗುತ್ತೇವೆ. ಆಸ್ಪತ್ರೆಯಲ್ಲಾದರೆ ಬಿಲ್ಲಿನಲ್ಲಿ ಒಂದು ಸಾಲು.

ನಮ್ಮ ಮನೆಗಳ ಪ್ರೀತಿಯೂ ಈ ವಿದ್ಯೆಗೆ ಸ್ವಲ್ಪ ಅಡ್ಡ ಎಂದೇ ನನಗನಿಸಿದೆ. ಕಾಯಿಲೆ ಬಿದ್ದವರಿಗೆ ಎಲ್ಲವನ್ನೂ ಮಾಡಿಕೊಡುವುದೇ ನಮ್ಮ ಲೆಕ್ಕದಲ್ಲಿ ಸೇವೆ. ಲಕ್ವ ಹೊಡೆದ ಮಾವನವರಿಗೆ ಸೊಸೆ ತುತ್ತು ಮಾಡಿ ತಿನ್ನಿಸಿದರೆ ಊರು ಕೊಂಡಾಡುತ್ತದೆ. ಅದೇ ಸೊಸೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟು, ಅರ್ಧ ಗಂಟೆ ಅವರು ಚೆಲ್ಲಾಡಿಕೊಂಡು ಉಣ್ಣುವುದನ್ನು ನೋಡುತ್ತ ಕೂತರೆ, ನೋಡಲು ಬಂದ ನೆಂಟರು ಹೊರಗೆ ಹೋಗಿ ಏನೆನ್ನುತ್ತಾರೆಂದು ಎಲ್ಲರಿಗೂ ಗೊತ್ತು. ಮಾವನವರೇ ಸಿಟ್ಟಾದರೂ ಆದಾರು. ಆದರೂ ಆ ಎರಡರಲ್ಲಿ ಹೆಚ್ಚಿನ ಸೇವೆ ಎರಡನೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

2021ರಲ್ಲಿ ಸಂಸತ್ತು ಇಂಥ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಆಕ್ಯುಪೇಷನಲ್ ಥೆರಪಿಯೂ ಅದರ ಪಟ್ಟಿಯಲ್ಲಿದೆ. ಕಾಯ್ದೆಯಿಂದ ಕಾಲೇಜುಗಳು, ನೋಂದಣಿ ಎಲ್ಲ ಸರಿಹೋಗಬಹುದು. ಜನರಿಗೆ ಈ ವೃತ್ತಿ ಇದೆಯೆಂದು ತಿಳಿಯುವುದು ಮಾತ್ರ ಕಾಯ್ದೆಯಿಂದ ಆಗುವ ಕೆಲಸವಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಬಿಡುಗಡೆ ಮಾಡಿಸಿಕೊಳ್ಳುವಾಗ, ಮಾತ್ರೆಗಳ ಚೀಟಿ ತೆಗೆದುಕೊಂಡ ಮೇಲೆ ವೈದ್ಯರನ್ನು ಇದೊಂದು ಕೇಳಿ: ಇಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆಯೇ, ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತಾರೆ? ಉತ್ತರ ಬರುವವರೆಗೆ ಅಲ್ಲಿಂದ ಏಳಬೇಡಿ.